ದೇಹದ ಹಕ್ಕು: ಸ್ವ-ಆರೈಕೆಯ ಕುರಿತ ತಪ್ಪು ತಿಳಿವಳಿಕೆಗಳು ಮತ್ತು ನಮ್ಮ ಇತಿಹಾಸ

ಎಲ್ಲರಿಗೂ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ತಾನು ಉಣ್ಣುವ ತಾಯಿ ನಮ್ಮ ಮನೆಗಳಲ್ಲಿದ್ದಾರೆ. ಸಕ್ಕರೆ ಕಾಯಿಲೆ ಉಲ್ಬಣಿಸಿ ವೈದ್ಯರು ಬೇಡವೆಂದಿದ್ದರೂ ರಮಝಾನಿನ ಒಂದು ಉಪವಾಸವನ್ನೂ ಬಿಡೆನೆಂದು ಹಟ ಹಿಡಿಯುವ ಅಜ್ಜ ಇದ್ದಾರೆ. ತಿಂಗಳುಗಟ್ಟಲೆ ನಿದ್ದೆಯಿಲ್ಲದೆ ಕುಗ್ಗಿಹೋಗಿದ್ದರೂ, ಈಮಾನ್ ದುರ್ಬಲವೆಂದು ಜನರು ಹೇಳಿಯಾರೆಂಬ ಭಯದಿಂದ ಬಾಯಿ ಬಿಡದ ಯುವಕನಿದ್ದಾನೆ. ವಿಚಾರಿಸಿದರೆ ಮೂವರದೂ ಒಂದೇ ಉತ್ತರ: ನನಗೇನೂ ಆಗಿಲ್ಲ. ನಾವು ತಾಯಿಯನ್ನು ತ್ಯಾಗಮಯಿಯೆಂದೂ, ಅಜ್ಜನನ್ನು ದೇವಭಕ್ತನೆಂದೂ, ಯುವಕನನ್ನು ಗಟ್ಟಿಗನೆಂದೂ ಹೊಗಳಿ ಸುಮ್ಮನಾಗುತ್ತೇವೆ.

ಈ ಹೊಗಳಿಕೆಯ ಹಿಂದೆ ಕೆಲವು ತಪ್ಪು ತಿಳಿವಳಿಕೆಗಳು ಅಡಗಿವೆ. ತನ್ನ ದೇಹ ಮತ್ತು ಮನಸ್ಸಿನ ಆರೈಕೆ ಮಾಡಿಕೊಳ್ಳುವುದು ಸ್ವಾರ್ಥವೆಂಬುದು ಒಂದು. ದೇಹವನ್ನು ದಂಡಿಸಿದಷ್ಟೂ ಅಲ್ಲಾಹನಿಗೆ ಹತ್ತಿರವಾಗುತ್ತೇವೆಂಬುದು ಇನ್ನೊಂದು. ಔಷಧಕ್ಕೆ ಕೈಚಾಚುವುದು ತವಕ್ಕುಲ್‌ಗೆ ವಿರುದ್ಧವೆಂಬುದು ಮೂರನೆಯದು. ಮನಸ್ಸು ಕುಸಿಯುವುದು ವಿಶ್ವಾಸದ ದೌರ್ಬಲ್ಯವೆಂಬುದು ನಾಲ್ಕನೆಯದು. ಇವೆಲ್ಲಕ್ಕೂ ಮೇಲಾಗಿ, ಸ್ವ-ಆರೈಕೆ ಎಂಬುದೇ ಇತ್ತೀಚೆಗೆ ಹೊರಗಿನಿಂದ ಬಂದ ವಿಚಾರ, ನಮ್ಮ ದೀನ್‌ಗೂ ಅದಕ್ಕೂ ಸಂಬಂಧವಿಲ್ಲ ಎಂಬ ಭಾವನೆಯೂ ಇದೆ. ಇವುಗಳಲ್ಲಿ ಯಾವುದೂ ಹೊಸದಲ್ಲ. ಇವುಗಳಲ್ಲಿ ಹಲವು ಪ್ರವಾದಿ ಮುಹಮ್ಮದ್(ಸ)ರ ಕಾಲದ ಮದೀನಾದಲ್ಲಿಯೇ ತಲೆಯೆತ್ತಿದ್ದವು. ಅಲ್ಲಿಯೇ ಅವುಗಳಿಗೆ ಉತ್ತರವೂ ದೊರೆತಿತ್ತು.

ಮದೀನಾದ ಒಂದು ಮನೆ

ಹಿಜ್ರತ್‌ನ ಬಳಿಕ ಪ್ರವಾದಿ(ಸ)ರು ತಮ್ಮ ಅನುಚರರಲ್ಲಿ ಸಹೋದರ ಸಂಬಂಧವನ್ನು ಏರ್ಪಡಿಸಿದ್ದು ಎಲ್ಲರಿಗೂ ತಿಳಿದ ವಿಷಯ. ಪರ್ಷಿಯಾದಿಂದ ಸತ್ಯವನ್ನು ಅರಸುತ್ತಾ ಬಂದು, ಗುಲಾಮಗಿರಿಯ ಕಷ್ಟವನ್ನೂ ಅನುಭವಿಸಿದ್ದ ಸಲ್ಮಾನ್ ಫಾರಿಸೀ(ರ)ರನ್ನು ಅನ್ಸಾರ್‌ಗಳಲ್ಲಿ ಒಬ್ಬರಾದ ಅಬೂದ್ದರ್ದಾ(ರ)ರಿಗೆ ಸಹೋದರರನ್ನಾಗಿ ಮಾಡಲಾಗಿತ್ತು. ಒಂದು ದಿನ ಸಲ್ಮಾನ್(ರ)ರು ಆ ಮನೆಗೆ ಭೇಟಿ ನೀಡಿದರು. ಅಬೂದ್ದರ್ದಾ(ರ)ರ ಪತ್ನಿ ಉಮ್ಮುದ್ದರ್ದಾ(ರ)ರು ತೀರಾ ಮಾಸಿದ ಉಡುಪಿನಲ್ಲಿದ್ದುದನ್ನು ಕಂಡು ಕಾರಣ ಕೇಳಿದರು. ನಿಮ್ಮ ಸಹೋದರರಿಗೆ ಈ ಲೋಕದ ಯಾವುದರಲ್ಲಿಯೂ ಆಸಕ್ತಿಯಿಲ್ಲವೆಂದು ಆಕೆ ಉತ್ತರಿಸಿದರು.

ಸಲ್ಮಾನ್(ರ)ರಿಗೆ ಅಷ್ಟೇ ಸಾಕಾಗಿತ್ತು. ಅಬೂದ್ದರ್ದಾ(ರ)ರು ಬಂದು ಅತಿಥಿಗೆ ಊಟ ಬಡಿಸಿ, ತಾವು ಉಪವಾಸವಿರುವುದಾಗಿ ಹೇಳಿದರು. ಅದು ಐಚ್ಛಿಕ ಉಪವಾಸವಾಗಿತ್ತು. ನೀವು ಉಣ್ಣದೆ ನಾನು ಉಣ್ಣಲಾರೆನೆಂದು ಸಲ್ಮಾನ್(ರ)ರು ಕುಳಿತುಬಿಟ್ಟರು. ಅತಿಥಿಯ ಮುಂದೆ ಅಬೂದ್ದರ್ದಾ(ರ)ರು ಸೋತರು. ಇಬ್ಬರೂ ಉಂಡರು. ರಾತ್ರಿ ಅಬೂದ್ದರ್ದಾ(ರ)ರು ನಮಾಝ್‌ಗೆಂದು ಎದ್ದಾಗ ಸಲ್ಮಾನ್(ರ)ರು ಮಲಗಲು ಹೇಳಿದರು. ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಎದ್ದಾಗಲೂ ಮಲಗಿಸಿದರು. ರಾತ್ರಿಯ ಕೊನೆಯ ಭಾಗದಲ್ಲಿ ತಾವೇ ಎಬ್ಬಿಸಿದರು. ಇಬ್ಬರೂ ಜೊತೆಯಾಗಿ ನಮಾಝ್ ಮಾಡಿದರು. ಅನಂತರ ಸಲ್ಮಾನ್(ರ)ರು ತಮ್ಮ ಸಹೋದರರಿಗೆ ಒಂದು ಲೆಕ್ಕವನ್ನು ಒಪ್ಪಿಸಿದರು: ಪ್ರಭುವಿನ ಹಕ್ಕೊಂದಿದೆ, ನಿಮ್ಮ ಸ್ವಂತ ಜೀವದ ಹಕ್ಕೊಂದಿದೆ, ಮನೆಯವರ ಹಕ್ಕೊಂದಿದೆ, ಹಕ್ಕುದಾರರಿಗೆಲ್ಲ ಅವರವರ ಹಕ್ಕು ಸಲ್ಲಬೇಕು ಎಂಬುದೇ ಅದರ ಸಾರ. ಅಬೂದ್ದರ್ದಾ(ರ)ರು ಈ ಸಂಗತಿಯನ್ನು ಪ್ರವಾದಿ(ಸ)ರ ಬಳಿಗೆ ಕೊಂಡೊಯ್ದರು. ಸಲ್ಮಾನ್ ಹೇಳಿದ್ದು ನಿಜವೆಂದು ಅವರು ಮುದ್ರೆಯೊತ್ತಿದರು. ಇಮಾಮ್ ಬುಖಾರಿಯವರು ತಮ್ಮ ಸಂಗ್ರಹದಲ್ಲಿ ದಾಖಲಿಸಿರುವ ಘಟನೆ ಇದು.

ಇಲ್ಲಿ 'ಹಕ್ಕು' ಎಂಬ ಪದವನ್ನು ನಾವು ಗಮನಿಸಬೇಕು. ನೆರೆಯವನ ಹಕ್ಕು, ಅನಾಥನ ಹಕ್ಕು, ತಂದೆತಾಯಿಯರ ಹಕ್ಕು ಎನ್ನುವಾಗ ಬಳಸುವ ಪದವೇ ಇಲ್ಲಿಯೂ ಬಂದಿದೆ. ಆರೈಕೆಯು ನಮಗೆ ನಾವೇ ಮಾಡಿಕೊಳ್ಳುವ ಉಪಕಾರವಾಗಿದ್ದರೆ ಅದನ್ನು ಬಿಟ್ಟುಕೊಡುವುದು ಔದಾರ್ಯವಾಗುತ್ತಿತ್ತು. ಆದರೆ ಅದು ಹಕ್ಕು. ಅಲ್ಲಾಹನು ನಮ್ಮ ವಶಕ್ಕೆ ಕೊಟ್ಟಿರುವ ಅಮಾನತ್ತಿನ ಹಕ್ಕು. ಒಬ್ಬರ ಹಕ್ಕನ್ನು ತಡೆಹಿಡಿಯುವುದಕ್ಕೆ ತ್ಯಾಗವೆಂಬ ಹೆಸರಿಲ್ಲ.

ತಂದೆ ಮತ್ತು ಮಗ

ಅದೇ ಕಾಲದ ಇನ್ನೊಂದು ಮನೆಯತ್ತ ನೋಡೋಣ. ಅಮ್ರ್ ಬಿನ್ ಆಸ್(ರ)ರ ಮಗ ಅಬ್ದುಲ್ಲಾ(ರ) ಆರಾಧನೆಯಲ್ಲಿ ಮುಳುಗಿಹೋಗಿದ್ದ ತರುಣ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ಕುರ್‌ಆನ್ ಪಾರಾಯಣ. ತಂದೆಯೇ ಮುಂದೆ ನಿಂತು ಕುರೈಷ್ ಮನೆತನದ ಹೆಣ್ಣನ್ನು ಮಗನಿಗೆ ಮದುವೆ ಮಾಡಿಸಿದ್ದರು. ಸೊಸೆಯನ್ನು ನೋಡಲು ಬಂದಾಗಲೆಲ್ಲ ಮಗನ ಬಗ್ಗೆ ವಿಚಾರಿಸುತ್ತಿದ್ದರು. ಗಂಡ ಒಳ್ಳೆಯವನೇ, ಆದರೆ ಬಂದಂದಿನಿಂದ ತನ್ನ ಹಾಸಿಗೆಯ ಬಳಿಗೂ ಬಂದಿಲ್ಲವೆಂಬುದನ್ನು ಆಕೆ ಸಭ್ಯ ಮಾತಿನಲ್ಲಿ ತಿಳಿಸಿದರು. ಕೆಲಕಾಲ ಕಾದ ತಂದೆ ವಿಷಯವನ್ನು ಪ್ರವಾದಿ(ಸ)ರ ಮುಂದಿಟ್ಟರು.

ಪ್ರವಾದಿ(ಸ)ರು ತರುಣನನ್ನು ಕರೆಸಿ ಮಾತನಾಡಿದರು. ತಿಂಗಳಿಗೆ ಮೂರು ಉಪವಾಸ ಸಾಕೆಂದರು. ನನಗೆ ಅದಕ್ಕಿಂತ ಹೆಚ್ಚು ಶಕ್ತಿಯಿದೆಯೆಂದು ಅಬ್ದುಲ್ಲಾ(ರ) ಪಟ್ಟುಹಿಡಿದರು. ಚೌಕಾಸಿ ಮುಂದುವರಿದು, ಒಂದು ದಿನ ಬಿಟ್ಟು ಒಂದು ದಿನ ಎಂಬಲ್ಲಿಗೆ, ಅಂದರೆ ಪ್ರವಾದಿ ದಾವೂದ್(ಅ)ರ ಉಪವಾಸ ಕ್ರಮಕ್ಕೆ ಬಂದು ನಿಂತಿತು. ಅದಕ್ಕಿಂತ ಮೇಲೆ ಯಾವ ಉಪವಾಸವೂ ಇಲ್ಲವೆಂದು ಪ್ರವಾದಿ(ಸ)ರು ಮಿತಿ ಹಾಕಿದರು. ದೇಹಕ್ಕೆ, ಕಣ್ಣುಗಳಿಗೆ, ಪತ್ನಿಗೆ, ಭೇಟಿಗೆ ಬರುವವರಿಗೆ ಇರುವ ಹಕ್ಕುಗಳನ್ನು ಒಂದೊಂದಾಗಿ ಎಣಿಸಿಕೊಟ್ಟರು. ಕಣ್ಣುಗಳನ್ನು ಪ್ರತ್ಯೇಕವಾಗಿ ಹೆಸರಿಸಿದ್ದರೆಂಬುದನ್ನು ಗಮನಿಸಿ. ನಿದ್ದೆಗೆಟ್ಟ ಕಣ್ಣಿಗೂ ಅಲ್ಲಿ ವಕಾಲತ್ತು ದೊರೆತಿತ್ತು.

ಈ ಘಟನೆಗೆ ಒಂದು ಉತ್ತರಾರ್ಧವಿದೆ. ವರ್ಷಗಳು ಕಳೆದವು, ಪ್ರವಾದಿ(ಸ)ರು ವಿದಾಯ ಹೇಳಿದರು, ಅಬ್ದುಲ್ಲಾ(ರ)ರಿಗೆ ಮುಪ್ಪು ಬಂತು. ತಾವು ಒಪ್ಪಿಕೊಂಡ ಕ್ರಮವನ್ನು ಬಿಡಲು ಮನಸ್ಸಿಲ್ಲ, ನಡೆಸಲು ಶಕ್ತಿಯಿಲ್ಲ. ಕೆಲವು ದಿನ ಉಪವಾಸ ಬಿಟ್ಟು, ಬಿಟ್ಟ ದಿನಗಳನ್ನು ಎಣಿಸಿಟ್ಟುಕೊಂಡು, ಬಳಿಕ ಅಷ್ಟೇ ದಿನ ಒಟ್ಟಾಗಿ ಹಿಡಿಯುತ್ತಿದ್ದರು. ರಾತ್ರಿಯ ಹೊರೆ ಕಡಿಮೆಯಾಗಲೆಂದು ಕುರ್‌ಆನಿನ ಪಾಲನ್ನು ಹಗಲಿನಲ್ಲಿಯೇ ಮನೆಯವರಿಗೆ ಓದಿ ಒಪ್ಪಿಸುತ್ತಿದ್ದರು. ಅಂದು ಪ್ರವಾದಿ(ಸ)ರು ನೀಡಿದ ರಿಯಾಯಿತಿಯನ್ನು ನಾನು ಸ್ವೀಕರಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಹಂಬಲಿಸುತ್ತಿದ್ದರು. ಯೌವನದ ಶಕ್ತಿಯನ್ನೇ ಅಳತೆಗೋಲು ಮಾಡಿಕೊಂಡವರಿಗೆ ಓರ್ವ ಮಹಾನ್ ಸಹಾಬಿ ಬಿಟ್ಟುಹೋದ ಪಾಠ ಇದು.

ಮಗನ ಕಥೆಯ ಪಕ್ಕದಲ್ಲಿ ತಂದೆಯ ಕಥೆಯನ್ನೂ ಇಡಬೇಕು. ಹಿಜರಿ 8ರಲ್ಲಿ ಅಮ್ರ್ ಬಿನ್ ಆಸ್(ರ)ರು ದಾತುಸ್ಸಲಾಸಿಲ್ ದಂಡಯಾತ್ರೆಯ ನಾಯಕರಾಗಿದ್ದರು. ಕೊರೆಯುವ ಚಳಿಯ ಒಂದು ರಾತ್ರಿ ಅವರಿಗೆ ಸ್ನಾನ ಕಡ್ಡಾಯವಾಯಿತು. ತಣ್ಣೀರಿನಲ್ಲಿ ಮಿಂದರೆ ಜೀವಕ್ಕೆ ಅಪಾಯವೆಂದು ಭಾವಿಸಿದ ಅವರು ತಯಮ್ಮುಮ್ ಮಾಡಿ ಸಂಗಡಿಗರಿಗೆ ಫಜ್ರ್ ನಮಾಝ್‌ನ ನೇತೃತ್ವ ನೀಡಿದರು. ಹಿಂತಿರುಗಿದ ಮೇಲೆ ಈ ವಿಷಯ ಪ್ರವಾದಿ(ಸ)ರವರೆಗೂ ತಲುಪಿತು. ಅವರು ವಿವರಣೆ ಕೇಳಿದಾಗ, ಜೀವವನ್ನು ನಾಶಪಡಿಸಿಕೊಳ್ಳಬಾರದೆಂಬ ಸೂರಃ ಅನ್ನಿಸಾದ ಆದೇಶವನ್ನು ಅಮ್ರ್(ರ)ರು ನೆನಪಿಸಿದರು. ಪ್ರವಾದಿ(ಸ)ರು ನಕ್ಕರು, ಆಕ್ಷೇಪಿಸಲಿಲ್ಲ. ಮಿತಿಮೀರಿ ಆರಾಧಿಸಿದ ಮಗನನ್ನು ತಡೆಯಲಾಯಿತು, ಜೀವ ಉಳಿಸಿಕೊಂಡು ಆರಾಧಿಸಿದ ತಂದೆಗೆ ಮೌನ ಸಮ್ಮತಿ ದೊರೆಯಿತು.

ನೋವು ಹೆಚ್ಚಿದಷ್ಟೂ ಪುಣ್ಯವೇ?

ಅಲ್ಲಾಹನ ಮಾರ್ಗದಲ್ಲಿ ಎದುರಾಗುವ ಕಷ್ಟವನ್ನು ಸಹಿಸುವುದಕ್ಕೆ ಪ್ರತಿಫಲವಿದೆ. ಆದರೆ ಕಷ್ಟವನ್ನೇ ಹುಡುಕಿಕೊಂಡು ಹೋಗುವುದು ಬೇರೆಯ ಮಾತು. ಇಬ್ಬರು ಪುತ್ರರ ಹೆಗಲಿಗೆ ಜೋತುಬಿದ್ದು ಕಾಲೆಳೆಯುತ್ತಾ ನಡೆಯುತ್ತಿದ್ದ ವೃದ್ಧರೊಬ್ಬರನ್ನು ಪ್ರವಾದಿ(ಸ)ರು ಕಂಡರು. ಕಾಲ್ನಡಿಗೆಯಲ್ಲೇ ಹೋಗುವೆನೆಂದು ಅವರು ಹರಕೆ ಹೊತ್ತಿದ್ದರು. ಈ ಮನುಷ್ಯ ತನ್ನನ್ನು ತಾನು ಹಿಂಸಿಸಿಕೊಳ್ಳುವುದು ಅಲ್ಲಾಹನಿಗೆ ಬೇಕಾಗಿಲ್ಲವೆಂದು ತಿಳಿಸಿ, ವಾಹನವೇರಲು ಪ್ರವಾದಿ(ಸ)ರು ಆದೇಶಿಸಿದರು. ಇನ್ನೊಮ್ಮೆ ಮಸೀದಿಯ ಎರಡು ಕಂಬಗಳ ನಡುವೆ ಕಟ್ಟಿದ್ದ ಹಗ್ಗವೊಂದು ಅವರ ಕಣ್ಣಿಗೆ ಬಿತ್ತು. ಅದು ಝೈನಬ್(ರ)ರದು, ನಿಂತು ನಮಾಝ್ ಮಾಡಿ ದಣಿದಾಗ ಅವರು ಅದನ್ನು ಹಿಡಿದುಕೊಳ್ಳುತ್ತಾರೆ ಎಂದು ಜನರು ಹೇಳಿದರು. ಹಗ್ಗವನ್ನು ಬಿಚ್ಚಿಸಲಾಯಿತು. ಉತ್ಸಾಹವಿರುವಷ್ಟು ಹೊತ್ತು ನಮಾಝ್ ಮಾಡಿ, ದಣಿದಾಗ ಕುಳಿತುಕೊಳ್ಳಬೇಕೆಂದು ಉಪದೇಶಿಸಲಾಯಿತು.

ಇಂದಿಗೂ ನಮ್ಮ ಮನೆಗಳಲ್ಲಿ ಕಣ್ಣಿಗೆ ಕಾಣದ ಹಗ್ಗಗಳಿವೆ. ರೋಗಿಗಳಿಗೆ ಮತ್ತು ಪ್ರಯಾಣಿಕರಿಗೆ ಉಪವಾಸದಲ್ಲಿ ವಿನಾಯಿತಿ ನೀಡಿದ್ದು ಸ್ವತಃ ಕುರ್‌ಆನ್. ಉಪವಾಸವನ್ನು ಕಡ್ಡಾಯಗೊಳಿಸಿದ ಸೂರಃ ಅಲ್‌ಬಕರಃದ ಸೂಕ್ತಗಳಲ್ಲಿಯೇ ಆ ವಿನಾಯಿತಿಯೂ ಇದೆ. ಅಲ್ಲಾಹನು ನಿಮಗೆ ಸುಲಭವನ್ನು ಬಯಸುತ್ತಾನೆಯೇ ಹೊರತು ಕಷ್ಟವನ್ನಲ್ಲ ಎಂಬ ಆಶಯವನ್ನು ಅಲ್ಲಿಯೇ ಸ್ಪಷ್ಟಪಡಿಸಲಾಗಿದೆ. ಹೀಗಿರುವಾಗ ವೈದ್ಯರ ಎಚ್ಚರಿಕೆಯನ್ನು ಮೀರಿ ಉಪವಾಸ ಹಿಡಿಯುವ ಅಜ್ಜನನ್ನು ಹೊಗಳುವವರು ಅವರ ಕೈಗೆ ಮತ್ತೊಂದು ಹಗ್ಗವನ್ನು ಕೊಡುತ್ತಿದ್ದಾರೆ. ಸಾಧ್ಯವಾದಾಗ ಕಝಾ ತೀರಿಸುವ, ವಾಸಿಯಾಗುವ ಭರವಸೆಯಿಲ್ಲದವರು ಫಿದ್ಯಾ ನೀಡುವ ದಾರಿಯನ್ನು ಶರೀಅತ್ ತೆರೆದಿಟ್ಟಿದೆ. ಆ ದಾರಿಯಲ್ಲಿ ನಡೆಯುವುದೂ ಆಜ್ಞಾಪಾಲನೆಯೇ.

ತವಕ್ಕುಲ್ ಮತ್ತು ಔಷಧ

ನಾವು ಚಿಕಿತ್ಸೆ ಪಡೆಯಬೇಕೇ ಎಂದು ಗ್ರಾಮೀಣ ಅರಬರು ಕೇಳಿದಾಗ ಪ್ರವಾದಿ(ಸ)ರು ಹೌದೆಂದರು. ಮುಪ್ಪೊಂದನ್ನು ಬಿಟ್ಟು ಎಲ್ಲ ರೋಗಗಳಿಗೂ ಅಲ್ಲಾಹನು ಮದ್ದನ್ನು ಇರಿಸಿದ್ದಾನೆಂದು ತಿಳಿಸಿದರು. ಆದರೂ ವಿಧಿ ಮತ್ತು ಮುನ್ನೆಚ್ಚರಿಕೆಯ ಪ್ರಶ್ನೆ ದೊಡ್ಡದಾಗಿ ಎದ್ದದ್ದು ಖಲೀಫಾ ಉಮರ್(ರ)ರ ಕಾಲದಲ್ಲಿ. ಅವರು ಸಿರಿಯಾಕ್ಕೆ ಹೊರಟು ಸರ್‌ಗ್ ಎಂಬಲ್ಲಿಗೆ ತಲುಪಿದಾಗ ಅಲ್ಲಿ ಪ್ಲೇಗ್ ಹಬ್ಬಿರುವ ಸುದ್ದಿ ಬಂತು. ಅವರು ಮುಹಾಜಿರ್‌ಗಳೊಡನೆ, ಅನ್ಸಾರ್‌ಗಳೊಡನೆ, ಕುರೈಷ್‌ನ ಹಿರಿಯರೊಡನೆ ಪ್ರತ್ಯೇಕವಾಗಿ ಸಮಾಲೋಚಿಸಿ ಹಿಂತಿರುಗಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುತ್ತಿದ್ದೀರಾ ಎಂದು ಸೇನಾನಾಯಕ ಅಬೂ ಉಬೈದಾ(ರ)ರು ಕೇಳಿದರು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆಂದು ಉಮರ್(ರ)ರು ಉತ್ತರಿಸಿದರು. ಕಣಿವೆಯ ಒಂದು ಮಗ್ಗುಲು ಹಸಿರಾಗಿ, ಇನ್ನೊಂದು ಬರಡಾಗಿದ್ದರೆ, ಒಂಟೆಗಳನ್ನು ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ಅಲ್ಲವೇ ಎಂದು ಕೇಳಿದರು. ಅಷ್ಟರಲ್ಲಿ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರು ಬಂದು, ಸಾಂಕ್ರಾಮಿಕವಿರುವ ಊರಿಗೆ ಹೋಗಬಾರದು, ನೀವಿರುವ ಊರಿನಲ್ಲಿ ಅದು ಬಂದರೆ ಓಡಿಹೋಗಬಾರದು ಎಂಬ ಪ್ರವಾದಿ(ಸ)ರ ಆದೇಶವನ್ನು ತಿಳಿಸಿದರು. ಉಮರ್(ರ)ರ ತೀರ್ಮಾನ ಅದಕ್ಕೆ ಹೊಂದಿಕೆಯಾಗಿತ್ತು.

ಕ್ರಿ.ಶ. 639ರ ಆ ಅಮವಾಸ್ ಪ್ಲೇಗ್‌ನಲ್ಲಿಯೇ ಅಬೂ ಉಬೈದಾ(ರ)ರು ಅಸುನೀಗಿದರು. ಜ್ಞಾನಿಯಾದ ಮುಆದ್ ಬಿನ್ ಜಬಲ್(ರ)ರೂ ಅದಕ್ಕೆ ಬಲಿಯಾದರು. ಮಹಾನ್ ಸಹಾಬಿಗಳನ್ನೂ ರೋಗ ಬಿಡಲಿಲ್ಲ. ರೋಗವು ಈಮಾನಿನ ಅಳತೆಗೋಲಲ್ಲ, ಮುನ್ನೆಚ್ಚರಿಕೆಯು ಅವಿಶ್ವಾಸದ ಗುರುತೂ ಅಲ್ಲ.

ಈ ತಿಳಿವಳಿಕೆಯೇ ಮುಂದೆ ಆಸ್ಪತ್ರೆಗಳ ರೂಪ ತಾಳಿತು. 1154ರಲ್ಲಿ ನೂರುದ್ದೀನ್ ಝಂಗಿ ದಮಸ್ಕಸ್‌ನಲ್ಲಿ ಬೀಮಾರಿಸ್ತಾನವೊಂದನ್ನು ಕಟ್ಟಿಸಿದರು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಸ್ಥಾಪಿಸಿದ ಆಸ್ಪತ್ರೆಯು ಬಡವ-ಬಲ್ಲಿದ, ಸ್ತ್ರೀ-ಪುರುಷ ಭೇದವಿಲ್ಲದೆ ಎಲ್ಲರಿಗೂ ತೆರೆದಿತ್ತು. ಮಾನಸಿಕ ರೋಗಿಗಳಿಗೂ ಅಲ್ಲಿ ಸ್ಥಳವಿತ್ತು. ಇವುಗಳ ಖರ್ಚು ನಡೆದದ್ದು ವಕ್ಫ್ ಆಸ್ತಿಗಳಿಂದ. ಜನರು ಪರಲೋಕದ ಪುಣ್ಯಕ್ಕಾಗಿ ಮುಡಿಪಿಟ್ಟ ಸಂಪತ್ತು ರೋಗಿಗಳ ಹಾಸಿಗೆಗೂ ಔಷಧಕ್ಕೂ ವಿನಿಯೋಗವಾಯಿತು.

ಮನಸ್ಸಿನ ನೋವು ವಿಶ್ವಾಸದ ಕೊರತೆಯೇ?

ಪುತ್ರವಿಯೋಗದ ದುಃಖದಿಂದ ಪ್ರವಾದಿ ಯಾಕೂಬ್(ಅ)ರ ಕಣ್ಣುಗಳು ಬೆಳ್ಳಗಾದವೆಂದು ಕುರ್‌ಆನ್ ತಿಳಿಸುತ್ತದೆ. ಖದೀಜಾ(ರ) ಮತ್ತು ಅಬೂತಾಲಿಬ್ ಅಗಲಿದ ವರ್ಷವನ್ನು ನಮ್ಮ ಸೀರತ್ ಗ್ರಂಥಗಳು ದುಃಖದ ವರ್ಷವೆಂದೇ ಕರೆಯುತ್ತವೆ. ಪ್ರವಾದಿಗಳಿಗೇ ದುಃಖವಾಗಿರುವಾಗ, ದುಃಖಿಸುವವನ ವಿಶ್ವಾಸವನ್ನು ಶಂಕಿಸಲು ನಮಗೇನು ಅಧಿಕಾರ?

ನಮ್ಮ ವಿದ್ವಾಂಸರು ಈ ವಿಷಯವನ್ನು ಮುಚ್ಚಿಡಲಿಲ್ಲ. ಇಂದಿನ ಅಫ್ಘಾನಿಸ್ತಾನದಲ್ಲಿರುವ ಬಲ್ಖ್ ಪ್ರದೇಶದ ಅಬೂ ಝೈದ್ ಅಲ್‌ಬಲ್ಖೀ (ನಿಧನ: 934) ದೇಹ ಮತ್ತು ಮನಸ್ಸುಗಳ ಪೋಷಣೆಯ ಕುರಿತೇ 'ಮಸಾಲಿಹುಲ್ ಅಬ್ದಾನ್ ವಲ್ ಅನ್ಫುಸ್' ಎಂಬ ಗ್ರಂಥವನ್ನು ಬರೆದರು. ಮೊದಲ ಭಾಗದಲ್ಲಿ ವಸತಿ, ಗಾಳಿ, ನೀರು, ಆಹಾರ, ನಿದ್ದೆ, ಸ್ನಾನ, ವ್ಯಾಯಾಮಗಳ ಚರ್ಚೆಯಿದೆ. ಎರಡನೆಯ ಭಾಗದಲ್ಲಿ ಕೋಪ, ಭಯ, ದುಃಖ ಮತ್ತು ಬಿಡದೆ ಕಾಡುವ ದುರ್ವಿಚಾರಗಳ ಚರ್ಚೆಯಿದೆ. ವೈದ್ಯರು ದೇಹವನ್ನಷ್ಟೇ ನೋಡಿ ಮನಸ್ಸನ್ನು ಕಡೆಗಣಿಸುತ್ತಾರೆಂಬುದು ಅವರ ಕೊರಗು. ಕಾರಣ ತಿಳಿದಿರುವ ದುಃಖವನ್ನೂ, ಕಾರಣವೇ ತಿಳಿಯದೆ ಕವಿಯುವ ದುಃಖವನ್ನೂ ಅವರು ಬೇರೆ ಬೇರೆಯಾಗಿ ಗುರುತಿಸಿದರು. ಎರಡನೆಯದಕ್ಕೆ ದೇಹದ ಚಿಕಿತ್ಸೆಯೂ ಬೇಕೆಂದು ಕಂಡುಕೊಂಡರು. ದೇಹಕ್ಕಾಗಿ ಮನೆಯಲ್ಲಿ ಮದ್ದು ಇರಿಸಿಕೊಳ್ಳುವಂತೆ, ನೆಮ್ಮದಿಯ ದಿನಗಳಲ್ಲಿಯೇ ಒಳ್ಳೆಯ ವಿಚಾರಗಳನ್ನು ಮನಸ್ಸಿನಲ್ಲಿ ಕೂಡಿಡಬೇಕೆಂಬುದು ಅವರ ಸಲಹೆಯಾಗಿತ್ತು.

ಇಮಾಮ್ ಗಝಾಲಿಯವರ ಜೀವನವೂ ಇದಕ್ಕೊಂದು ಸಾಕ್ಷಿ. 1091ರಲ್ಲಿ ಬಗ್ದಾದಿನ ನಿಝಾಮಿಯಾ ವಿದ್ಯಾಲಯದ ಅತ್ಯುನ್ನತ ಪೀಠವೇರಿದ ಅವರಿಗೆ 1095ರಲ್ಲಿ ಒಳಗಿನ ತಳಮಳವೊಂದು ಎದುರಾಯಿತು. ತಾನು ಬೋಧಿಸುತ್ತಿರುವುದು ಅಲ್ಲಾಹನಿಗಾಗಿಯೋ ಕೀರ್ತಿಗಾಗಿಯೋ ಎಂಬ ಪ್ರಶ್ನೆ ಅವರನ್ನು ಸುಮಾರು ಆರು ತಿಂಗಳು ಕಾಡಿತು. ಕೊನೆಗೆ ಪಾಠ ಹೇಳಲು ನಾಲಿಗೆಯೇ ಏಳದಾಯಿತು, ತುತ್ತು ಗಂಟಲಲ್ಲಿ ಇಳಿಯದಾಯಿತು. ರೋಗದ ಮೂಲ ಹೃದಯದಲ್ಲಿದೆ, ಅಲ್ಲಿನ ಭಾರ ಇಳಿಯದೆ ದೇಹಕ್ಕೆ ಮದ್ದಿಲ್ಲವೆಂದು ವೈದ್ಯರು ಕೈಚೆಲ್ಲಿದರು. ಅವರು ಅಲ್ಲಾಹನ ಮೊರೆಹೊಕ್ಕು, ಕುಟುಂಬಕ್ಕೆ ಬೇಕಾದ ವ್ಯವಸ್ಥೆ ಮಾಡಿ, ಹುದ್ದೆ ತೊರೆದು ದಮಸ್ಕಸ್‌ಗೆ ತೆರಳಿದರು. 1106ರಲ್ಲಿ ನೈಶಾಪುರದಲ್ಲಿ ಮತ್ತೆ ಬೋಧನೆಗೆ ಮರಳಿದರು. ತಮ್ಮ ಕುಸಿತವನ್ನು ಅವರು ಬಚ್ಚಿಡಲಿಲ್ಲ. 'ಅಲ್ ಮುನ್ಕಿದ್'ನಲ್ಲಿ ತಾವೇ ಬರೆದಿಟ್ಟರು. ಹುಜ್ಜತುಲ್ ಇಸ್ಲಾಮ್ ಎಂದು ಕರೆಯಲ್ಪಟ್ಟವರಿಗೆ ಹೇಳಿಕೊಳ್ಳಲು ನಾಚಿಕೆಯಾಗದ ಸಂಗತಿಯನ್ನು ನಮ್ಮ ಮಕ್ಕಳು ನಮ್ಮೆದುರು ಹೇಳಲು ಹೆದರುತ್ತಾರೆಂದರೆ ತಪ್ಪು ಎಲ್ಲಿದೆಯೆಂದು ನಾವು ಯೋಚಿಸಬೇಕು.

ಆರೈಕೆ ಎಂದರೆ ಭೋಗವಲ್ಲ

ಇನ್ನೊಂದು ತುದಿಯ ತಪ್ಪು ತಿಳಿವಳಿಕೆಯೂ ಇಂದು ಹಬ್ಬುತ್ತಿದೆ. ದುಬಾರಿ ವಸ್ತುಗಳನ್ನು ಕೊಳ್ಳುವುದು, ಮನ ಬಂದದ್ದನ್ನು ತಿನ್ನುವುದು, ಹೊಣೆಗಾರಿಕೆಗಳಿಂದ ತಪ್ಪಿಸಿಕೊಳ್ಳುವುದು, ಇವೇ ತನ್ನ ಬಗೆಗಿನ ಕಾಳಜಿಯೆಂದು ಮಾರುಕಟ್ಟೆಯು ನಮ್ಮ ಮಕ್ಕಳಿಗೆ ಹೇಳಿಕೊಡುತ್ತಿದೆ. ಉಣ್ಣಲು ಕುಡಿಯಲು ಅನುಮತಿಸಿದ ಕುರ್‌ಆನ್ ಅದರೊಡನೆಯೇ ದುಂದನ್ನು ನಿಷೇಧಿಸಿದೆ. ಸಲ್ಮಾನ್(ರ)ರು ಅಬೂದ್ದರ್ದಾ(ರ)ರನ್ನು ಮಲಗಿಸಿದ್ದು ಬೆಳಗಿನವರೆಗಲ್ಲ. ರಾತ್ರಿಯ ಕೊನೆಯ ಭಾಗದಲ್ಲಿ ತಾವೇ ಎಬ್ಬಿಸಿ ನಮಾಝ್‌ಗೆ ನಿಲ್ಲಿಸಿದರು. ವಿಶ್ರಾಂತಿಯು ಆರಾಧನೆಯ ಶತ್ರುವಾಗಿರಲಿಲ್ಲ, ಅದರ ಸಿದ್ಧತೆಯಾಗಿತ್ತು. ತನ್ನ ಹಕ್ಕಿನ ನೆಪದಲ್ಲಿ ಇತರರ ಹಕ್ಕನ್ನು ಕಸಿಯುವವನು ಸಲ್ಮಾನ್(ರ)ರ ಲೆಕ್ಕದ ಒಂದು ಸಾಲನ್ನಷ್ಟೇ ಓದಿದ್ದಾನೆ.

ಮೊದಲು ಕಂಡವರು ಯಾರು?

ಈ ಘಟನೆಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ವಿಷಯ ಎದ್ದುಕಾಣುತ್ತದೆ. ತಾನು ಮಿತಿ ಮೀರಿದ್ದೇನೆಂದು ಅಬೂದ್ದರ್ದಾ(ರ)ರಿಗೆ ತಾನಾಗಿ ಹೊಳೆಯಲಿಲ್ಲ. ಮಡದಿಯ ಮಾಸಿದ ಉಡುಪಿನಲ್ಲಿ ಸಲ್ಮಾನ್(ರ)ರು ಅದನ್ನು ಕಂಡರು. ಅಬ್ದುಲ್ಲಾ(ರ)ರಿಗೂ ಹೊಳೆಯಲಿಲ್ಲ, ಸೊಸೆಯ ಮಾತಿನ ಹಿಂದಿನ ನೋವನ್ನು ತಂದೆ ಅರಿತರು. ಹಗ್ಗವನ್ನು ಕಟ್ಟಿದವರು ಬಿಚ್ಚಲಿಲ್ಲ, ಪ್ರವಾದಿ(ಸ)ರು ಬಿಚ್ಚಿಸಿದರು. ದಣಿದವನಿಗೆ ತನ್ನ ದಣಿವು ಕಾಣುವುದಿಲ್ಲ. ಕಂಡರೂ ಅವನು ಅದನ್ನು ಬಚ್ಚಿಡುತ್ತಾನೆ. ಆದುದರಿಂದಲೇ ಮದೀನಾದಲ್ಲಿ ಸ್ವ-ಆರೈಕೆಯು ಒಬ್ಬೊಬ್ಬರಿಗೆ ಬಿಟ್ಟ ಕೆಲಸವಾಗಿರಲಿಲ್ಲ. ಅದು ಸಹೋದರನ, ತಂದೆಯ, ನಾಯಕನ ಕರ್ತವ್ಯವೂ ಆಗಿತ್ತು.

ನಮ್ಮ ಮನೆಯ ತಾಯಿಗೆ ನಿಮ್ಮ ಆರೋಗ್ಯ ನೋಡಿಕೊಳ್ಳಿ ಎಂದು ಉಪದೇಶಿಸಿ ಎದ್ದುಹೋಗುವುದರಿಂದ ಏನೂ ಆಗದು. ಸಲ್ಮಾನ್(ರ)ರಂತೆ, ನೀವು ಕೂರುವವರೆಗೆ ನಾವೂ ಉಣ್ಣುವುದಿಲ್ಲವೆಂದು ತಟ್ಟೆಯ ಮುಂದೆ ಕಾಯಬೇಕು. ಅವರಿಗಾಗಿ ಮಗನೋ ಗಂಡನೋ ಒಂದು ದಿನದ ಕೆಲಸ ಬಿಟ್ಟು ವೈದ್ಯರಲ್ಲಿಗೆ ಕರೆದೊಯ್ಯಬೇಕು. ರಮಝಾನ್ ಬರುವ ಮೊದಲೇ ಅಜ್ಜನನ್ನು ವೈದ್ಯರ ಬಳಿಗೂ ಉಸ್ತಾದರ ಬಳಿಗೂ ಕರೆದೊಯ್ದು, ಉಪವಾಸ ಬಿಡುವುದೂ ಇಬಾದತ್ ಆಗಬಲ್ಲದೆಂದು ಅವರಿಗೆ ಮನವರಿಕೆ ಮಾಡಿಸಬೇಕು. ಕೋಣೆಯ ಬಾಗಿಲು ಹಾಕಿಕೊಂಡ ಮಗನೆದುರು ಪ್ರವಚನ ಕೊಡುವ ಮೊದಲು ಅವನ ಮಾತನ್ನು ಪೂರ್ತಿ ಕೇಳಬೇಕು. ನಮಾಝ್ ಮಾಡು, ಎಲ್ಲ ಸರಿಹೋಗುತ್ತದೆ ಎನ್ನುವವರು, ಅಗತ್ಯವಿದ್ದರೆ ಅವನೊಡನೆ ಮನೋವೈದ್ಯರ ಬಳಿಗೂ ಹೋಗಲು ಸಿದ್ಧರಿರಬೇಕು.

ನಾಳೆ ಹಕ್ಕುಗಳ ಲೆಕ್ಕ ಕೇಳುವ ದಿನದಂದು ದೇಹವೂ ಮಾತನಾಡಲಿದೆ. ಕೈಕಾಲುಗಳು, ಚರ್ಮ, ಕಣ್ಣು, ಕಿವಿಗಳು ಸಾಕ್ಷಿ ನುಡಿಯುವವೆಂದು ಕುರ್‌ಆನ್ ನಮಗೆ ತಿಳಿಸಿದೆ. ಅಂದು ನಮ್ಮ ಕಣ್ಣುಗಳಾಗಲಿ, ನಮ್ಮ ಮನೆಯಲ್ಲಿ ಕೊನೆಗೆ ಉಂಡವರಾಗಲಿ ನಮ್ಮ ವಿರುದ್ಧ ದೂರು ಹೇಳುವಂತಾಗದಿರಲಿ. ಹಕ್ಕುದಾರರಿಗೆಲ್ಲ ಅವರವರ ಹಕ್ಕನ್ನು ಸಲ್ಲಿಸುವ, ಪರಸ್ಪರರ ದಣಿವನ್ನು ಗುರುತಿಸುವ ಕಣ್ಣನ್ನು ಅಲ್ಲಾಹನು ನಮಗೆ ಅನುಗ್ರಹಿಸಲಿ. ಆಮೀನ್.